ಹನುಮವ್ವ ಕೇಳಿದ ಕೀಲಿ

ಹನುಮವ್ವ ತಮಾಷೆಯ ಹೆಂಗಸು. ದಿನಕ್ಕೊಮ್ಮೆಯಾದರೂ ಸೊಸೆಯನ್ನು ಗೋಳುಹೊಯ್ದುಕೊಳ್ಳದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆದ್ದರಿಂದ ಆ ಸಂಜೆ ಮಹಾದೇವಿ ಫ್ಯಾಕ್ಟರಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅತ್ತೆ ತಲೆಯೆತ್ತಿ ನೋಡಿ, "ಯಾರ ಪೈಕಿ ಆಗಬೇಕವ್ವ ನೀ? ಒಳಗ ಬಾ. ಯಜಮಾನ್ರು ಹೊಲಕ್ಕ ಹೋಗ್ಯಾರ" ಎಂದಾಗ ಮಹಾದೇವಿ ನಕ್ಕುಬಿಟ್ಟಳು. ಯಜಮಾನರೆಂದರೆ ಮಾವ. ಮಾವ ತೀರಿಕೊಂಡದ್ದು ಅವಳ ಮದುವೆಗಿಂತ ಹಳೆಯ ಸಂಗತಿ.

"ಸಾಕ್ ಬಿಡ್ರಿ ಅತ್ತಿ, ಕಾಲು ಸೋತಾವ. ಮೊದ್ಲು ಒಂದೀಟು ಚಾ ಕೊಡ್ರಿ."

ಅತ್ತೆ ನಗಲಿಲ್ಲ. ಒಲೆಯ ಮುಂದೆ ಕೂತು ಸೆರಗನ್ನು ತೊಡೆಯ ಮೇಲೆ ಹರವಿಕೊಂಡು, ಅದರಲ್ಲಿ ಇಲ್ಲದ ಕಲ್ಲುಕಡ್ಡಿಯನ್ನು ಹೆಕ್ಕಿ ಹೆಕ್ಕಿ ಪಕ್ಕಕ್ಕೆ ಹಾಕುತ್ತಿದ್ದಳು. ಸ್ಟೋವು ತಣ್ಣಗಿತ್ತು. ಮೊಮ್ಮಗಳು ಪಾರಿ ಮೂಲೆಯಲ್ಲಿ ಕೂತು ಹಸಿ ಜೋಳದ ಹಿಟ್ಟು ಮುಕ್ಕುತ್ತಿದ್ದವಳು, "ಅಜ್ಜಿ ರೊಟ್ಟಿ ಕೊಡವಲ್ಲಳು" ಎಂದು ದೂರು ಹೇಳಿದಳು. ಆಗ ಮಹಾದೇವಿಯ ನಗು ಅಲ್ಲೇ ನಿಂತಿತು.

ಈ ಅತ್ತೆ ಅವಳಿಗೆ ಬರೀ ಅತ್ತೆಯಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮಹಾದೇವಿಗೆ ತಾಯಿಯಿಲ್ಲ. ಚೊಚ್ಚಲ ಹೆರಿಗೆಗೆ ಹೋಗಲು ತವರೇ ಇಲ್ಲವಲ್ಲ ಎಂದು ಅವಳು ಅಳುತ್ತ ಕೂತಿದ್ದಾಗ ಕುಷ್ಟಗಿ ಸೀಮೆಯ ಹಳ್ಳಿಯಿಂದ ಹನುಮವ್ವ ಗಂಟುಮೂಟೆ ಸಮೇತ ಬಸ್ಸಿಳಿದು ಬಂದಿದ್ದಳು. "ತವರು ಅಂದ್ರ ಏನ ಹುಡುಗಿ? ಬಿಸಿನೀರು, ಬಳ್ಳೊಳ್ಳಿ ಖಾರ, ಬೈಯಾಕ ಒಂದು ಬಾಯಿ. ಮೂರೂ ನನ್ನ ಹಂತ್ಯಾಕ ಅದಾವ," ಎಂದಿದ್ದಳು. ಅಳವಿ ಬೀಜದ ಪಾಯಸ ಮಾಡಿ ಉಣಿಸಿದಳು, ಎಣ್ಣೆ ತಿಕ್ಕಿ ನೀರು ಹಾಕಿದಳು, ಬೈದಳು, ಬಾಣಂತನ ಮುಗಿದ ಮೇಲೂ ಊರಿಗೆ ಹೋಗಲಿಲ್ಲ. ಅವಳು ಪಾರಿಯನ್ನು ನೋಡಿಕೊಂಡಿದ್ದರಿಂದಲೇ ಮಹಾದೇವಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯಲು ಹೋಗುವಂತಾದದ್ದು.

ಅವರಿದ್ದದ್ದು ಮಾಕಳಿಯಲ್ಲಿ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ. ಲಕ್ಷ್ಮಣಪ್ಪನವರೆಂಬ ಹಳೆಯ ಕುಳದ ಮನೆಯ ಹಿಂದೆ ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳಲ್ಲಿ ಒಂದು ಇವರದು. ಪೀಣ್ಯದ ಮೇಲ್ಸೇತುವೆ ಹೊಸದಾಗಿ ತೆರೆದ ಕಾಲವದು. ಸುತ್ತಮುತ್ತ ಗೋದಾಮುಗಳು ನಾಯಿಕೊಡೆಯಂತೆ ಏಳುತ್ತಿದ್ದವು. ಮಹಾದೇವಿಯ ಗಂಡ ಯಮನೂರ ಅವುಗಳಲ್ಲೊಂದರ ಗಾರೆ ಕೆಲಸದಲ್ಲಿದ್ದ. ಕೋಣೆಗಳಿಗೆಲ್ಲ ಸೇರಿ ಎರಡು ಕಕ್ಕಸು. ರಸ್ತೆಯ ಲಾರಿಯವರು ನುಗ್ಗುತ್ತಾರೆಂದು ಎರಡಕ್ಕೂ ಬೀಗ. ಕೀಲಿಗಳು ಲಕ್ಷ್ಮಣಪ್ಪನವರ ಜಗಲಿಯ ಗೋಡೆಯಲ್ಲಿ, ಒಂದು ಮೊಳೆಗೆ ತೂಗುತ್ತಿದ್ದವು. ಬೇಕಾದವರು ಹೋಗಿ ತೆಗೆದುಕೊಂಡು, ಮತ್ತೆ ತಂದು ತೂಗುಹಾಕಬೇಕು. ಆ ಮೊಳೆಯ ಕೆಳಗೇ ಲಕ್ಷ್ಮಣಪ್ಪನವರ ಬೆತ್ತದ ಕುರ್ಚಿ. ಬೆಳಕು ಹರಿದಾಗ ಕೂತರೆ ದೀಪ ಹಚ್ಚುವವರೆಗೆ ಅವರು ಅಲ್ಲಿಂದ ಏಳುತ್ತಿದ್ದದ್ದು ಊಟಕ್ಕೆ, ಮತ್ತೆ ತಮ್ಮದೇ ಜಲಬಾಧೆಗೆ.

ಮಾರನೆಯ ಬೆಳಿಗ್ಗೆ ಹನುಮವ್ವ ಸ್ವಲ್ಪ ಸರಿಹೋದಂತೆ ಕಂಡಳು. ಪಾರಿಯ ಹೆಸರು ಹೇಳಿದಳು, ಚಹಾ ಒಂದು ಗುಟುಕು ಕುಡಿದಳು. ಬಿಸಿಲಿಗೆ ತಲೆ ಕಾದಿರಬೇಕು ಎಂದುಕೊಂಡು ಮಹಾದೇವಿ ಕಂಪನಿಯ ವ್ಯಾನು ಹತ್ತಿದಳು. ಮಧ್ಯಾಹ್ನ ಲಕ್ಷ್ಮಣಪ್ಪನವರ ಸೊಸೆ ಈಶ್ವರಮ್ಮನ ಫೋನು ಬಂತು. "ಮಾದೇವಿ, ಗಾಬರಿಯಾಗ್ಬೇಡ, ಇಬ್ರೂ ಸಿಕ್ಕಿದಾರೆ. ಆದ್ರೆ ನೀನು ಬಂದ್ಬಿಡು ತಾಯಿ," ಎಂದಳು. ಗಾಬರಿಯಾಗಬೇಡ ಎಂದ ಮೇಲೆ ಗಾಬರಿಯಾಗದೆ ಇರಲು ಯಾರಿಂದ ಸಾಧ್ಯ?

ನಡೆದದ್ದು ಇಷ್ಟು. ಕಳೆ ಕೀಳಲು ಹೊಲಕ್ಕೆ ಹೊರಟೆನೆಂದು ಹನುಮವ್ವ ಮೊಮ್ಮಗಳ ಕೈ ಹಿಡಿದು ನೇರ ಹೆದ್ದಾರಿಗೆ ನಡೆದಿದ್ದಳು. ಎರಡು ಲಾರಿಗಳ ನಡುವೆ ನಿಂತು, ಎತ್ತುಗಳನ್ನು ಗದರಿಸುವಂತೆ ಅವನ್ನು ಗದರಿಸುತ್ತಿದ್ದಳಂತೆ. ಬೇಕರಿಯ ಶ್ಯಾಮಣ್ಣ ಗಲ್ಲಾ ಬಿಟ್ಟು ಓಡಿಬಂದು ಇಬ್ಬರನ್ನೂ ಎಳೆದುಕೊಂಡಿದ್ದ. ಮಹಾದೇವಿ ಬಂದಾಗ ಪಾರಿ ಅವನು ಕೊಟ್ಟ ಬನ್ನು ತಿನ್ನುತ್ತಿದ್ದಳು. ಅತ್ತೆ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

ಸಂಜೆ ಯಮನೂರ ಕೆಲಸದಿಂದ ಬಂದು ಎಲ್ಲವನ್ನೂ ಕೇಳಿದ. ಪಕ್ಕದ ಕೋಣೆಯ ಮಲಕವ್ವ ಬಂದು, ಇದು ಗಾಳಿಯ ಚೇಷ್ಟೆ ಎಂದು ನಿಂಬೆಹಣ್ಣು ಇಳಿಸಿ ಬಿಸಾಡಿ ಹೋದಳು. ಅವಳು ಹೋದ ಮೇಲೆ ಅವನು ಹೇಳಿದ.

"ನಾಳೆ ಸಂಜಿ ಬಸ್ಸಿಗೆ ಅವ್ವನ್ನ ಊರಿಗೆ ಬಿಟ್ಟು ಬರ್ತೀನಿ. ಊರಾಗಿನ ನಮ್ಮಣ್ಣ ಭರಮಣ್ಣಗ ಫೋನ್ ಮಾಡೇನಿ. ಕರ್ಕೊಂಡು ಬಾ ಅಂದಾನ."

"ಬಿಟ್ಟು ಬರೋದಂದ್ರ?"

"ಬಿಟ್ಟು ಬರೋದಂದ್ರ ಬಿಟ್ಟು ಬರೋದು. ನಮ್ಮ ಅಮ್ಮಗೂ ಹಿಂಗ ಆಗಿತ್ತು, ಅಪ್ಪನ ತಾಯಿಗೆ. ಅಕಿ ತಲಿ ಮತ್ತ ನೆಟ್ಟಗಾಗಲೇ ಇಲ್ಲ. ಸಾಯೋತನಕ ಕೊಟ್ಟಿಗಿ ಕಂಬಕ್ಕ ಕಟ್ಟಿದ್ರು. ನಾ ಕಣ್ಣಾರೆ ಕಂಡೀನಿ. ಊರಾಗ ಲಾರಿ ಇಲ್ಲ ಮಾದೇವಿ. ಇಲ್ಲಿ ಯಾರು ಕಾಯವ್ರು? ನೀ ಕೆಲಸಕ್ಕ, ನಾ ಕೆಲಸಕ್ಕ."

ಅವನು ಕಲ್ಲೆದೆಯವನಲ್ಲ ಎಂಬುದು ಮಹಾದೇವಿಗೆ ಗೊತ್ತಿತ್ತು. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ. ಆದರೆ ನಾಳೆ ಸಂಜೆ ಬಸ್ಸು ಹೊರಟಿತೆಂದರೆ ತನಗೆ ಸಿಕ್ಕಿದ್ದ ಒಂದೇ ತವರು ಹೊರಟುಹೋಗುತ್ತದೆ. ಮೊನ್ನೆ ತಾನೇ ತನ್ನ ಜಡೆ ಹೆಣೆಯುತ್ತ, ಕೂದಲು ಉದುರುತ್ತವೆಂದು ಬೈದ ಕೈ ಅದು. ಅಷ್ಟು ಬೇಗ ಒಂದು ತಲೆ ಖಾಲಿಯಾಗುವುದುಂಟೆ?

ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಯಮನೂರ ಟಿಕೆಟ್ಟು ತರಲು ಹೋಗಿದ್ದ. ಅತ್ತೆಯೂ ಮಗುವೂ ಒಳಗಿರುವಾಗಲೇ ಹೊರಗಿನಿಂದ ಚಿಲಕ ಹಾಕಿಕೊಂಡು ಅವಳು ಕಕ್ಕಸಿನ ಕೀಲಿಗೆಂದು ಜಗಲಿಗೆ ಬಂದಳು. ಚಿಲಕ ಎಳೆಯುವಾಗ ಕೈ ಹೇಸಿತು. ಮೊಳೆಯ ಕೆಳಗೆ ಲಕ್ಷ್ಮಣಪ್ಪನವರು ಎಂದಿನಂತೆ ಕೂತಿದ್ದರು.

"ಎಂಗೈತಮ್ಮ ನಿಮ್ಮತ್ತೆಗೆ?"

"ಹಂಗ ಅದಾರ್ರಿ ಯಜಮಾನ್ರ. ಇವತ್ತು ಊರಿಗೆ ಕರ್ಕೊಂಡು ಹೋಗ್ತಾರಂತ."

ಮುದುಕರು ದನಿ ತಗ್ಗಿಸಿದರು. "ತಪ್ಪು ತಿಳ್ಕಬೇಡ ಮಗಾ. ಒಂದು ಮಾತು ಕೇಳ್ಲಾ? ನಾನು ದಿನಾ ಇಲ್ಲೇ ಕುಂತಿರ್ತೀನಿ. ಯಾರು ಕೀ ಇಸ್ಕಂತಾರೆ, ಯಾರು ಮಡಗ್ತಾರೆ, ಬ್ಯಾಡಾ ಅಂದ್ರೂ ಕಣ್ಣಿಗೆ ಬೀಳ್ತದೆ. ಆವಮ್ಮ ಒತ್ತಾರೆ ನಿನ್ನ ಜೊತೆಗೆ ಬತ್ತಾರೆ, ಕತ್ತಲಾದ ಮ್ಯಾಕೆ ನಿನ್ನ ಜೊತೆಗೆ ಬತ್ತಾರೆ. ಹಗಲೊತ್ತು ಒಂದು ದಿನಾನೂ ಕಾಣೆ. ನನಗೆ ಗಳಿಗೆಗೊಂದು ಸಲ ಓಗ್ಬೇಕು. ಆವಮ್ಮ ಎಂಗೆ ತಡ್ಕಂತಾರೆ?"

ಮಹಾದೇವಿಗೆ, ಗಂಡಸರ ಬಾಯಲ್ಲಿ ಇಂಥ ಮಾತೇ ಎಂಬ ನಾಚಿಕೆ ಒಂದು ಕಡೆ. ಅದರ ಬೆನ್ನಿಗೇ ಬೇರೊಂದು ನೆನಪು ಚುಚ್ಚಿತು.

ಹನುಮವ್ವನ ಊರಿನಲ್ಲಿ ಹೆಂಗಸರು ಬಯಲಿಗೆ ಹೋಗುವುದು ಬೆಳಕು ಹರಿಯುವ ಮುಂಚೆ, ಇಲ್ಲವೇ ಕತ್ತಲಾದ ಮೇಲೆ. ನಡುವಿನ ಹಗಲಿಡೀ ಗಂಡಸರದು. ಹನುಮವ್ವನ ಮೈ ಆ ಲೆಕ್ಕಕ್ಕೇ ಪಳಗಿತ್ತು. ಮಾಕಳಿಗೆ ಬಂದ ಮೇಲೆ ಅವಸರವಾದರೆ ಕೋಣೆಗಳ ಹಿಂದೆ ನೀಲಗಿರಿ ತೋಪಿತ್ತು. ಈ ಬೇಸಿಗೆಗೆ ತೋಪು ಕಡಿದು, ಗೋದಾಮಿಗೆಂದು ತಗಡಿನ ಗೋಡೆ ನಿಲ್ಲಿಸಿದರು. ಉಳಿದದ್ದು ಕೀಲಿ ಹಾಕಿದ ಕಕ್ಕಸು, ಕೀಲಿಯ ಕೆಳಗೆ ಕೂತ ಗಂಡಸು. "ಆ ಹಿರೇಮನಶ್ಯಾನ ಮುಂದ ಕೈ ಚಾಚಿ ಅದರ ಕೀಲಿ ಹೆಂಗ ತಗೊಳ್ಲಿ? ನಾಚಿಕೀಲೆ ಸಾಯ್ತೀನಿ," ಎಂದು ಹನುಮವ್ವ ಸೊಸೆಯ ಮುಂದೆ ಹೇಳಿಕೊಂಡಿದ್ದಳು. ಆಗ ಮಹಾದೇವಿ ತನ್ನ ಫ್ಯಾಕ್ಟರಿಯ ವಿದ್ಯೆಯನ್ನು ಅತ್ತೆಗೂ ಕಲಿಸಿದ್ದಳು. ಅಲ್ಲಿ ಮಷೀನು ಬಿಟ್ಟು ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಹಾಗಾಗಿ ಆ ಸಾಲಿನ ಹುಡುಗಿಯರು ಯಾರೂ ನೀರು ಮುಟ್ಟುವುದಿಲ್ಲ. "ನೀರ ಕಡಿಮಿ ಕುಡೀರಿ ಅತ್ತಿ. ಬಾಯಿ ಒಣಗಿದ್ರ ಒಂದು ಗುಟುಕು, ಅಷ್ಟ. ನಾ ದಿನಾ ಹಂಗ ಮಾಡ್ತೀನಿ, ಏನೂ ಆಗಂಗಿಲ್ಲ."

ಏನೂ ಆಗಂಗಿಲ್ಲ ಎಂದು ಹೇಳಿದ ಬಾಯಿ ಈಗ ಒಣಗಿ ಅಂಟಿಕೊಂಡಿತು. ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಅಲ್ಲೇ ನಿಂತಳು.

"ಓದ್ ವರ್ಷ ನನಗೂ ಇಂಗೇ ಆಗಿತ್ತು ಕಣಮ್ಮ," ಎಂದರು ಲಕ್ಷ್ಮಣಪ್ಪ.

ಒಳಗಿನಿಂದ ಈಶ್ವರಮ್ಮ ತಟ್ಟನೆ ಬಂದಳು. "ಮಾವ, ಅದೆಲ್ಲ ಯಾಕೀಗ?" ಮನೆಯ ಯಜಮಾನನಿಗೆ ತಲೆ ಕೆಟ್ಟಿತ್ತು ಎಂಬುದು ಬಾಡಿಗೆಯವರ ಬಾಯಿಗೆ ಬೀಳಬಾರದೆಂದು ಆ ಮನೆಯವರು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದರು.

"ಯೋಳ್ತೀನಿ ಬುಡು. ಮಾನ ಓದ್ರೆ ನಂದು ತಾನೇ?" ಎಂದು ಮುದುಕರು ಮಹಾದೇವಿಯ ಕಡೆ ತಿರುಗಿದರು. "ಅಗೋ, ಆ ಫ್ಯಾಕ್ಟ್ರಿ ಕಾಣ್ತೈತಲ್ಲ, ಅದು ನಮ್ಮ ರಾಗಿ ಹೊಲ ಇತ್ತು. ಒಂದಿನ ಗೇಟ್‌ತಾವ ಓಗಿ, ಮಳೆ ಬಂದು ನೆಲ ಹದ ಆದ್ರೂ ಇನ್ನೂ ಯಾಕೋ ನೇಗ್ಲು ಕಟ್ಟಿಲ್ಲ ಅಂತ ಸೆಕ್ಯೂರಿಟಿಯವನಿಗೆ ಬೈದ್ನಂತೆ. ಅವನು ಒರಿಸ್ಸಾದವನು. ಪಾಪ, ಸಲ್ಯೂಟ್ ಒಡೆದನಂತೆ. ನಾನು ಈ ಸೊಸೇನ ನಮ್ಮವ್ವ ಅಂತ ಕರೀತಿದ್ನಂತೆ. ನನಗೆ ಒಂದೂ ನೆಪ್ಪಿಲ್ಲ. ಎಲ್ರೂ ನಂಗೆ ಅರಳುಮರುಳು ಅಂದ್ರು. ಡಾಕ್ಟ್ರಮ್ಮ ನೋಡಿ, ಉಚ್ಚೆಯಾಗೆ ನಂಜಾಗೈತೆ ಅಂದ್ಳು. ಔಸ್ದಿ ಕೊಟ್ಳು. ನೋಡು, ಈಗ ನಿನ್ನ ಮುಂದೆ ನೆಟ್ಟಗೆ ಮಾತಾಡ್ತಿಲ್ವಾ?"

ಮಹಾದೇವಿ ಅವರ ಕಾಲಿಗೆ ಬೀಳುವುದೊಂದು ಬಾಕಿ. ಈಶ್ವರಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಆಟೋ ಕೂಗಿದ್ದಳು. ಒಮ್ಮೆ ಗುಟ್ಟು ಹೊರಬಿದ್ದ ಮೇಲೆ ಅದರಿಂದ ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂಬಂತಿತ್ತು ಅವಳ ಅವಸರ. ಪಾರಿಯನ್ನು ಮಲಕವ್ವನ ಮಡಿಲಿಗೆ ಹಾಕಿ, ಹನುಮವ್ವನನ್ನು ನಡುವೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಹನುಮವ್ವ ಮಹಾದೇವಿಯ ಗಲ್ಲ ಹಿಡಿದು, "ಯವ್ವಾ, ಮನಿಗೆ ಹೋಗೂನು ನಡಿ" ಎಂದು ಕೇಳುತ್ತಿದ್ದಳು. ಮಹಾದೇವಿ, "ಹೂಂ, ಹೋಗೂನು" ಎಂದು ಸಮಾಧಾನ ಹೇಳುತ್ತಿದ್ದಳು. ತಾನು ತಾಯಿಯೆಂದು ತಿಳಿದವಳು ತನ್ನನ್ನೇ ತಾಯಿಯೆಂದು ಕರೆಯುವುದನ್ನು ಕೇಳಿ ಅವಳ ಕಣ್ಣು ತುಂಬಿ ರಸ್ತೆ ಕಾಣಲಿಲ್ಲ.

ನರ್ಸಿಂಗ್ ಹೋಮಿನ ಡಾಕ್ಟರ್ ಪದ್ಮಾವತಿ ಮೆಲುದನಿಯ ಹೆಂಗಸು. ಬಿ.ಪಿ. ನೋಡಿದರು, ನಾಲಿಗೆ ನೋಡಿದರು, ಕೈಯ ಚರ್ಮ ಚಿವುಟಿ ನೋಡಿದರು. ರಕ್ತ ತೆಗೆಸಿದರು. ನರ್ಸು ಹನುಮವ್ವನನ್ನು ಕರೆದೊಯ್ದು ಹೇಗೋ ಪುಸಲಾಯಿಸಿ ಮೂತ್ರ ಹಿಡಿದು ತಂದಳು. ಸೀಸೆಯಲ್ಲಿದ್ದದ್ದು ಕಷಾಯದ ಬಣ್ಣಕ್ಕೆ ತಿರುಗಿತ್ತು.

"ದಿನಕ್ಕೆ ನೀರು ಎಷ್ಟು ಕುಡೀತಾರಮ್ಮ?"

ಮಹಾದೇವಿ ತಡೆತಡೆದು ಎಲ್ಲ ಹೇಳಿದಳು. ಕೊನೆಗೆ, "ನಾನ ಹೇಳಿಕೊಟ್ಟಿದ್ರಿ ಮೇಡಂ" ಎಂದು ಮುಖ ಮುಚ್ಚಿಕೊಂಡಳು.

ಡಾಕ್ಟರು ಬೈಯಲಿಲ್ಲ. "ನನ್ನ ಹತ್ರ ಬರೋ ಗಾರ್ಮೆಂಟ್ಸ್ ಹುಡುಗೀರೆಲ್ಲ ಇದನ್ನೇ ಹೇಳ್ತಾರೆ. ನೀವು ಬೇಕಂತ ಮಾಡಿದ್ದಲ್ಲವಲ್ಲ," ಎಂದರು. ಅಷ್ಟರಲ್ಲಿ ಫೋನು ಹೋಗಿ ಯಮನೂರನೂ ಬಂದು ಬಾಗಿಲಲ್ಲಿ ನಿಂತಿದ್ದ. ಅಂಗಿಯ ಜೇಬಿನಿಂದ ಬಸ್ಸಿನ ಟಿಕೆಟ್ಟು ಇಣುಕುತ್ತಿತ್ತು. ಡಾಕ್ಟರು ಅವನಿಗೂ ಕೇಳುವಂತೆ ಹೇಳಿದರು. "ಮೂತ್ರದಲ್ಲಿ ಸೋಂಕಾಗಿದೆ. ಮೈಯಲ್ಲಿ ನೀರೂ ಬತ್ತಿದೆ. ವಯಸ್ಸಾದವರಿಗೆ ಕೆಲವು ಸಲ ಮೂತ್ರದಲ್ಲಿ ಉರೀನೂ ಇರಲ್ಲ, ಜ್ವರಾನೂ ಕಾಣಲ್ಲ, ಒಂದೇ ಸಲಕ್ಕೆ ತಲೆಗೆ ಹತ್ತುತ್ತೆ. ಅರಳುಮರುಳು ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ನಿನ್ನೆ ಮೊನ್ನೆ ಸರಿಯಾಗಿದ್ದವರು ಹಿಂಗೆ ದಿಢೀರಂತ ಗಲಿಬಿಲಿ ಆದ್ರೆ, ಮೈಯಲ್ಲಿ ಏನೋ ಕಾಯಿಲೆ ಇದೆ ಅಂತ ಮೊದಲು ತೋರಿಸಬೇಕು. ಡ್ರಿಪ್ ಹಾಕ್ತೀನಿ, ಔಷಧಿ ಕೊಡ್ತೀನಿ. ಕೆಲವು ದಿನ ಇಲ್ಲೇ ಇರಲಿ."

"ಗುಣ ಆಗ್ತಾರೇನ್ರಿ?" ಎಂದ ಯಮನೂರ.

"ಆಗ್ತಾರೆ ಅನ್ನೋ ನಂಬಿಕೆ ಇದೆ. ಸ್ವಲ್ಪ ನಿಧಾನ ಆಗಬಹುದು. ಬೇಗ ಬಂದಿದ್ದು ಒಳ್ಳೇದಾಯ್ತು. ಇವತ್ತೊಂದು ರಾತ್ರಿ ತಡ ಮಾಡಿದ್ರೆ ರಕ್ತಕ್ಕೆ ಹರಡ್ತಿತ್ತೋ ಏನೋ. ಆಮೇಲೆ ನನ್ನ ಕೈಯಲ್ಲೂ ಇರ್ತಿರಲಿಲ್ಲ."

ಇವತ್ತೊಂದು ರಾತ್ರಿ. ಇಡೀ ರಾತ್ರಿಯ ಬಸ್ಸು, ಕಿಟಕಿಯ ಬಿಸಿಗಾಳಿ, ದಾರಿಯಲ್ಲಿ ಇಳಿಯಬೇಕಾದೀತೆಂದು ನೀರು ಮುಟ್ಟದ ಅವ್ವ. ಯಮನೂರ ಟಿಕೆಟ್ಟನ್ನು ಜೇಬಿನೊಳಕ್ಕೆ ತಳ್ಳಿ ಸರ್ರನೆ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕಣ್ಣು ಕೆಂಪಗೆ ಮಾಡಿಕೊಂಡು, ಎರಡೂ ಕೈ ತುಂಬ ಎಳನೀರು ಹಿಡಿದುಕೊಂಡು ಬಂದ. ಅಷ್ಟನ್ನು ಯಾರು ಕುಡಿಯಬೇಕೆಂದು ನರ್ಸು ಗದರಿದಳು. ಆಸ್ಪತ್ರೆಯಲ್ಲಿದ್ದವರಿಗೆಲ್ಲ ಆ ದಿನ ಎಳನೀರಿನ ಸಂತರ್ಪಣೆಯಾಯಿತು.

ಹನುಮವ್ವನ ತಲೆ ಒಮ್ಮೆಗೇ ತಿಳಿಯಾಗಲಿಲ್ಲ. ಒಂದು ಹೊತ್ತು ಪಾರಿಯನ್ನು ಕೇಳುತ್ತಿದ್ದಳು. ಮತ್ತೊಂದು ಹೊತ್ತು ಡ್ರಿಪ್ಪಿನ ಕೊಳವೆಯನ್ನು ದಾರವೆಂದು ಕಿತ್ತು ಸುತ್ತಲು ಹೊರಡುತ್ತಿದ್ದಳು. ಆಗೆಲ್ಲ ಮಹಾದೇವಿ ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದು ಕೂರುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ, ಕಿಟಕಿಯ ಬಿಸಿಲಿಗೆ ಎಚ್ಚರಾದ ಹನುಮವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನ ಅವತಾರ ಇದು ಮಾದೇವಿ? ತಲಿ ಬಾಚಿ ಎಷ್ಟು ದಿನ ಆತು? ದೆವ್ವ ನೋಡಿದ್ರ ಹೆದರ್ತೈತಿ."

ಬೈಗುಳ ಕೇಳಿ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ಆ ವಾರ್ಡು ಕಂಡಿರಲಾರದು. ಮಹಾದೇವಿ ಅತ್ತೆಯ ಹೊಟ್ಟೆಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ತನಗೆ ಏನಾಗಿತ್ತೆಂದು ಅರಿಯದ ಹನುಮವ್ವ, "ಹುಚ್ಚಿ, ಯಾಕ ಅಳಾಕತ್ತಿ? ಕೂಸು ಉಂಡತೇನು?" ಎನ್ನುತ್ತ ಆ ತಲೆಯ ಸಿಕ್ಕನ್ನು ಬೆರಳಲ್ಲೇ ಬಿಡಿಸತೊಡಗಿದಳು.

ಮನೆಗೆ ಬಂದ ದಿನ ಆಟೋ ಇಳಿದಾಗ ಜಗಲಿಯಲ್ಲಿ ಕುರ್ಚಿ ಇರಲಿಲ್ಲ. ಲಕ್ಷ್ಮಣಪ್ಪನವರು ಅದನ್ನು ಗೇಟಿನಾಚೆಯ ಹೊಂಗೆ ಮರದ ಬುಡಕ್ಕೆ ಸಾಗಿಸಿ, ಕೋಣೆಗಳಿಗೆ ಬೆನ್ನು ಹಾಕಿ ಕೂತಿದ್ದರು. ಅಲ್ಲಿ ಅರ್ಧ ಹೊತ್ತು ನೆರಳು, ಅರ್ಧ ಹೊತ್ತು ಬಿಸಿಲು, ಪೂರ್ತಿ ಹೊತ್ತು ಲಾರಿಯ ಧೂಳು. "ನೀವು ಆಸ್ಪತ್ರೆಗೆ ಹೋದ ದಿನದಿಂದ ಅಲ್ಲೇ ಕೂರ್ತಾರೆ. ಹೆಣ್ಮಕ್ಕಳಿಗೆ ತೊಂದ್ರೆ ಆಗ್ತಿತ್ತು ಅಂತ ನಂಗೆ ಹೊಳೀಲೇ ಇಲ್ವಲ್ಲ ಅಂತಾರೆ. ಹೇಳಿದ್ರೆ ಕೇಳಲ್ಲ," ಎಂದಳು ಈಶ್ವರಮ್ಮ. ಆಮೇಲೆ ಮಾವ ಆ ದಿನ ಜಗಲಿಯಲ್ಲಿ ಹೇಳಿದ ಕಥೆಯನ್ನೆಲ್ಲ, ನೇಗಿಲು ಕಟ್ಟದ ಸೆಕ್ಯೂರಿಟಿಯವನನ್ನೂ ಬಿಡದೆ, ಹನುಮವ್ವನಿಗೆ ಹೇಳಿದಳು.

ಹನುಮವ್ವ ಕೇಳುತ್ತ ಕೇಳುತ್ತ ಗಂಭೀರಳಾದಳು. ತನ್ನ ಸಲುವಾಗಿ ಒಬ್ಬ ಹಿರಿಯ ಮನುಷ್ಯ ಬಾಡಿಗೆಯವರ ಮುಂದೆ ತನ್ನ ಮರ್ಯಾದೆ ಬಿಚ್ಚಿಟ್ಟಿದ್ದ. ಅವಳಿಗೆ ನಾಚಿಕೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅದರ ಭಾರ ಎಷ್ಟೆಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಅವಳು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದಳು. ಎಲ್ಲರೆದುರು ಅಂಗಳದಲ್ಲಿ ನಿಂತು ಗಟಗಟ ಅರ್ಧ ಕುಡಿದು ತಂಬಿಗೆಯನ್ನು ಸೊಸೆಯ ಕೈಗಿತ್ತಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಸೊಸೆ ಹಿಡಿಯಲು ಬಂದರೆ ಬೇಡವೆಂದು ಕೈಯಾಡಿಸಿ, ಮೆಲ್ಲನೆ ಗೇಟಿನವರೆಗೆ ನಡೆದಳು. ಇಷ್ಟು ವರ್ಷಗಳಲ್ಲಿ ಲಕ್ಷ್ಮಣಪ್ಪನವರೊಂದಿಗೆ ಅವಳು ಒಂದು ಮಾತೂ ಆಡಿದ್ದಿಲ್ಲ.

"ಅಣ್ಣಾರ," ಎಂದಳು, ಅಂಗಳಕ್ಕೆಲ್ಲ ಕೇಳುವಂತೆ. "ಕುರ್ಚಿ ಮೊದಲಿನ ಜಾಗಕ್ಕ ಹಾಕ್ಕೊಳ್ರಿ. ನಿಮ್ಮನ್ನ ಬಿಸಿಲಾಗ ಕುಂದ್ರಿಸಿ ನಾ ನೆಳ್ಳಾಗ ಇರಾಕ ಒಲ್ಲೆ. ಕೀಲಿ ಬೇಕಾದ್ರ ನಾನ ಬಂದು ಕೇಳ್ತೀನಿ."

ಮುದುಕರು ತಡಬಡಿಸಿ ಎದ್ದರು. ಹೆಗಲ ಟವೆಲಿನಿಂದ ಕುರ್ಚಿಯ ಧೂಳು ಒರೆಸಿದರು. ಯಮನೂರ ಓಡಿಬಂದು ಕುರ್ಚಿಯನ್ನೆತ್ತಿ ಮತ್ತೆ ಜಗಲಿಯಲ್ಲಿ ಮೊಳೆಯ ಕೆಳಗಿಟ್ಟ. ಅವರು ಹೋಗಿ ಕೂತರು. ನಡುಹಗಲು. ಕೋಣೆಗಳ ಬಾಗಿಲಲ್ಲೆಲ್ಲ ಜನ. ಹನುಮವ್ವ ಅವರ ಮುಂದೆ ಬಂದು ನಿಂತಳು.

"ಕೀಲಿ ಕೊಡ್ರಿ ಅಣ್ಣಾರ."

ಲಕ್ಷ್ಮಣಪ್ಪ ಕೂತಲ್ಲಿಂದಲೇ ಕೈ ಮೇಲೆತ್ತಿ ಮೊಳೆಯಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು. "ಬೇಗ ತಂದ್ಬಿಡಮ್ಮ, ಮುಂದ್ಲ ಸರದಿ ನಂದೇ," ಎಂದರು. ಅವರ ಮನೆಯೊಳಗೆ ಅವರದೇ ಕಕ್ಕಸಿರುವುದು ಎಲ್ಲರಿಗೂ ಗೊತ್ತಿತ್ತು. ಮೊದಲು ನಕ್ಕವಳು ಹನುಮವ್ವನೇ.

ಅವಳು ಹೋಗಿ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿ ಕೋಣೆಗೆ ಮರಳಿದಾಗ ಮಹಾದೇವಿ ಆ ತಂಬಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಯಾರಿಗೆ ಮೊದಲು ಕೈಮುಗಿಯಬೇಕು, ಜಗಲಿಗೋ, ಆಸ್ಪತ್ರೆಯ ದಿಕ್ಕಿಗೋ, ಇಲ್ಲಿ ಎದುರು ನಿಂತವಳಿಗೋ ಎಂದು ತಿಳಿಯುತ್ತಿರಲಿಲ್ಲ. ಹನುಮವ್ವ ತಂಬಿಗೆಯೊಳಗೆ ಇಣುಕಿ ನೋಡಿ, ಅದನ್ನು ಸೊಸೆಯ ಬಾಯಿಗೆ ಒತ್ತಿದಳು.

"ನಿನಗ ಬೇರೆ ಹೇಳಬೇಕೇನು? ಕುಡಿ. ನಾಳೆ ಫ್ಯಾಕ್ಟರಿಗೂ ಬಾಟ್ಲಿ ತುಂಬಿ ಕೊಡ್ತೀನಿ. ಆ ನಿಮ್ಮ ಸೂಪರ್‌ವೈಸರ್ ಗಡಿಯಾರ ನೋಡಿದ್ರ, ನಮ್ಮತ್ತಿ ಕಳಿಸ್ಯಾಳ ಅಂತ ಹೇಳು."

ಕಾಲರ್ ಹೊಲಿಯಲು ಹೋದಂದಿನಿಂದ ಮಹಾದೇವಿ ಹಗಲು ಹೊತ್ತಿನಲ್ಲಿ ಹೊಟ್ಟೆ ತುಂಬ ನೀರು ಕುಡಿದಿರಲಿಲ್ಲ. ಹೊಸ್ತಿಲ ಮೇಲೆ ಕೂತು, ಅತ್ತೆ ನೋಡುತ್ತಿರುವಂತೆಯೇ, ತಂಬಿಗೆಯ ನೀರನ್ನು ಕೊನೆಯ ಹನಿಯವರೆಗೂ ಕುಡಿದಳು.